ಮನೆಗೊಂದು ಸಾಮಾನು

"ಏನ್ರೀ ಇದು, ಈಗ ತಾನೇ ಹೊರಗೆ ಹಾಕಿಸಿದ ಮಂಚ ಮತ್ತೆ ಒಳಗಿದೆ!" ಬೈಂಡಿಂಗ್ ಅಕ್ಕನ ಬಾಡಿಗೆ ಮನೆ ಖಾಲಿ ಮಾಡಿಸಲು ಬೀಗ ಹಿಡಿದು ನಿಂತ ಕೋರ್ಟಿನ ಅಮೀನ ಕಣ್ಣುಜ್ಜಿಕೊಂಡ. ಹಮಾಲರು ಮುಂಬಾಗಿಲಿನಿಂದ ಹೊರಗಿಟ್ಟದ್ದು ಒಂದೊಂದಾಗಿ ಹಿಂಬಾಗಿಲಿನಿಂದ ಒಳಗೆ ಬಂದು ಕೂರುತ್ತಿತ್ತು. ಬೈಂಡಿಂಗ್ ಅಕ್ಕ ಕೈಯ ಗೋಂದು ಒರೆಸಿಕೊಳ್ಳುತ್ತ, "ಬೀಗ ಹಾಕೋದು ಖಾಲಿ ಮನೆಗೆ ತಾನೇ? ಇದು ಖಾಲಿ ಇಲ್ವಲ್ಲಪ್ಪ" ಎಂದಳು.

ಕಾಲೇಜಿನವರ ಥೀಸಿಸ್ಸುಗಳಿಗೆ ರಟ್ಟು ಹಾಕಿಯೇ ಬದುಕಿದವಳು ಅವಳು. ಮೂವತ್ತು ವರ್ಷದ ಹಿಂದೆ, ಹಾಸ್ಟೆಲ್ ಕಟ್ಟುವ ಆಸೆಗೆ ಮಾಲೀಕರು ಆ ಬೀದಿಯ ಮೊದಲ ಸಂಸಾರವನ್ನು ಹೊರಗೆ ತಳ್ಳಿದಾಗ ಬಾಡಿಗೆದಾರರ ಸಂಘ ಒಂದು ಕಟ್ಟಳೆ ಮಾಡಿತ್ತು: ಯಾರ ಸಾಮಾನು ಬೀದಿಗೆ ಬಿದ್ದರೂ ಮನೆಗೊಂದರಂತೆ ಹೊತ್ತು ಮತ್ತೆ ಅದೇ ಮನೆಯೊಳಗಿಡಬೇಕು. ಅಕ್ಕನ ಮಂಚ ದರ್ಜಿಯ ಪಾಲು, ಕಪಾಟು ಮೇಷ್ಟ್ರ ಪಾಲು. ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು ಪೈಲ್ವಾನನದು. ಅವನು ಹೋದ ವರ್ಷ ತೀರಿಕೊಂಡಿದ್ದ. ಅವನ ಪಾಲನ್ನು ಇನ್ನೊಬ್ಬರಿಗೆ ಹಚ್ಚಲು ಎಲ್ಲರೂ ಮರೆತಿದ್ದರು.

ದರ್ಜಿ, ಮೇಷ್ಟ್ರು ಇಬ್ಬರೂ ಸೇರಿ ಜಗ್ಗಿದರೂ ಬೀದಿಯಲ್ಲೇ ಉಳಿದಿದ್ದ ಪ್ರೆಸ್ಸು ಜಪ್ಪಯ್ಯ ಎನ್ನಲಿಲ್ಲ. ಅಮೀನ ನಕ್ಕ. "ಹೊಟ್ಟೆಪಾಡೇ ಹೊರಗಿದ್ರೆ ಮಂಚ ಇಟ್ಕೊಂಡು ಏನ್ಮಾಡ್ತೀಯಮ್ಮ? ಲಾರಿಗೆ ಹಾಕ್ರೋ ಅದನ್ನ!"

ಬೆಳಗಿನಿಂದ ತಲೆ ತಗ್ಗಿಸಿಯೇ ದುಡಿಯುತ್ತಿದ್ದ ಹಮಾಲರ ಮೇಸ್ತ್ರಿ ಅಂಗೈ ಉಜ್ಜಿಕೊಂಡ. ನಾಲ್ವರು ಹಮಾಲರೂ "ಐಸಾ" ಎಂದು ಎತ್ತಿದರು. ಲಾರಿಯತ್ತ ಎರಡು ಹೆಜ್ಜೆ ಇಟ್ಟ ಮೇಸ್ತ್ರಿ ನಿಂತುಬಿಟ್ಟ.

"ಅಕ್ಕಾ, ಈ ಬೀದೀಲಿ ಮೊದಲು ಹೊರಗೆ ತಳ್ಳಿಸ್ಕೊಂಡ ಸಂಸಾರ ನಮ್ದೇ. ನನ್ನ ತೊಟ್ಟಿಲು ಹೊತ್ತವರು ನೀವಂತೆ, ಅಮ್ಮ ಈಗಲೂ ಹೇಳ್ತಾಳೆ. ಹೇಳಿ, ಇದನ್ನ ಎಲ್ಲಿಡ್ಲಿ?"

ಅಕ್ಕ ಅಮೀನನ ಕೈಯ ಬೀಗ ನೋಡಿದಳು.

"ಹೊಸ್ತಿಲ ಮೇಲಿಡಪ್ಪ. ಬಾಗಿಲು ಅದ್ಹೇಗೆ ಮುಚ್ತಾರೋ ನೋಡೇಬಿಡೋಣ."