ಕಾರ್ಡಿನ ಬೆನ್ನು

ಹೊಕ್ಕುಳಬಳ್ಳಿ ಉದುರುವ ಮೊದಲೇ ನೂರರವರೆಗಿನ ಮಗ್ಗಿ ಒಪ್ಪಿಸಿ, ಹೆರಿಗೆ ಮಾಡಿಸಿದ ನರ್ಸಮ್ಮನ ಎರಡು ತಪ್ಪು ತಿದ್ದಿದವನು ಮುದುಕ ಕ್ಲ್ಯಾರಿ. ಅಂಥವನ ಮೊಮ್ಮಗಳಿಗೆ ಏಳೆಂಟ್ಲ ಎಷ್ಟೆಂದು ಗೊತ್ತಿಲ್ಲವೆಂದರೆ! ಶಾಲೆಯವರು ಕೊಟ್ಟ ಮಗ್ಗಿಯ ಕಾರ್ಡನ್ನು ಅವನು ಟೆಗನ್‌ಳ ಮೂಗಿಗೇ ಹಿಡಿದಿದ್ದ.

"ಐವತ್ತ... ನಾಲ್ಕು?"

"ಥೂ, ಐವತ್ತಾರು! ಉಣ್ಣೆ ಶೆಡ್ಡಲ್ಲಿ ದಿನಕ್ಕೆ ಸಾವಿರ ಕುರಿ ಬೋಳಿಸ್ತಾ ಬಾಯಲ್ಲೇ ಲೆಕ್ಕ ಹಾಕ್ತಿದ್ದೆ ನಾನು. ಆ ಕುರಿಗಳೇ ನಿನಗಿಂತ ಜಾಣ ಕಣೇ. ನಿಮ್ಮ ಟೀಚರಮ್ಮಂಗಿಂತ್ಲೂ ಜಾಣ! ರಟ್ಟಿನ ಚೂರು ತೋರ್ಸಿ ಲೆಕ್ಕ ಕಲಿಸ್ತಾಳಂತೆ, ಮಹಾ!"

ಟೆಗನ್ ತೋಳಿನಿಂದ ಮೂಗು ಒರೆಸಿಕೊಂಡಳು. "ನಾನು ದಡ್ಡಿ ತಾತ. ನಾಳೆ ಪರೀಕ್ಷೆಗೆ ಹೋಗಲ್ಲ."

"ಹೋಗ್ಬೇಡ. ಮನೆ ಮಾನವಾದ್ರೂ ಉಳಿಯುತ್ತೆ," ಎಂದು ಕ್ಲ್ಯಾರಿ ಮುಂದಿನ ಕಾರ್ಡು ಎತ್ತಿದ. "ಆರೊಂಬತ್ಲ?"

ಅವಳು ತಾತನ ಕಣ್ಣು ಕಾರ್ಡಿನ ಬೆನ್ನಿಗೆ ಹೋಗಿ ಬಂದದ್ದನ್ನು ನೋಡುತ್ತಿದ್ದಳು. ಉತ್ತರ ಇರುವುದು ಅಲ್ಲೇ. ಎದ್ದು ಬಂದು, ಆ ಕಾರ್ಡನ್ನು ಅವನ ಕೈಯಿಂದ ಮೆಲ್ಲಗೆ ತೆಗೆದಿಟ್ಟಳು. ಕಟ್ಟಿನಿಂದ ಹೊಸದೊಂದನ್ನು ಎತ್ತಿ, ಉತ್ತರ ತನ್ನ ಕಡೆಗೂ ಪ್ರಶ್ನೆ ಅವನ ಕಡೆಗೂ ಇರುವಂತೆ ಹಿಡಿದಳು.

"ಈಗ ನೀನ್ ಹೇಳು ತಾತ. ಎಂಟೊಂಬತ್ಲ?"

ಕ್ಲ್ಯಾರಿ ಮತ್ತೊಮ್ಮೆ 'ಥೂ' ಎನ್ನಲು ಬಾಯಿ ತೆರೆದ. ಗೋಡೆ ನೋಡಿದ, ಬೆರಳು ನೋಡಿಕೊಂಡ.

"ದೊಡ್ಡಿ ಗೇಟಿಂದ ಕುರಿಗಳನ್ನ ಮೂರ್ಮೂರಾಗಿ ಬಿಟ್ಟು ಎಣಿಸ್ತಿದ್ವಿ ಕಣಮ್ಮ," ಎಂದ ಕೊನೆಗೆ. "ನಂಗೆ ಬರೋದು ಮೂರರ ಮಗ್ಗಿ ಒಂದೇ."