ವಿಡಿಯೊ ಬಸ್ಸಿನ ಮದುವೆ

ವಿಡಿಯೊ ಬಸ್ಸೆಂದರೆ ತಲೆಗೆ ಹದಿನೈದು ರೂಪಾಯಿ ಹೆಚ್ಚು. ಅಷ್ಟು ಕೊಟ್ಟ ಮೇಲೂ ಪದ ಹೇಳುವವಳಿಗೆ ಪುಕ್ಕಟೆ ಸೀಟು ಯಾಕೆಂದು ಜಗಳೂರಿನ ಯಾತ್ರೆ ಬಸ್ಸಿನಲ್ಲಿ ಯಾರೋ ಮಾತು ತೆಗೆದರು. ವರ್ಷಾವರ್ಷ ಸಂಜೆಯಾದರೆ ಸಾಕು, ಪದ ಹೇಳಿ ಇಡೀ ಬಸ್ಸನ್ನು ನಗಿಸುತ್ತಿದ್ದ ದ್ಯಾಮಮ್ಮ ಹಿಂದಿನ ಸೀಟಿನಲ್ಲಿ ಕಿಟಕಿಯತ್ತ ಮುಖ ತಿರುಗಿಸಿದಳು.

"ಈ ಸಲ ಹೆಂಗೋ ಆತು ಬಿಡು ಅತ್ತೆ. ಬರೋ ವರ್ಷ ಮಾತ್ರ ನೀನೂ ದುಡ್ಡು ಕೊಡಬೇಕಾಗ್ತೈತೆ," ಎಂದ, ಯಾತ್ರೆ ಹೊರಡಿಸಿದ್ದ ಕೊಟ್ರಬಸಪ್ಪ.

"ನನ್ನ ಹತ್ರ ಎಲ್ಲೈತಪ್ಪ? ಬರೋ ವರ್ಷ ದೇವರೇ ಜಗಳೂರಿಗೆ ಬರಲಿ, ನನ್ನ ನೋಡಾಕೆ."

ಅಷ್ಟರಲ್ಲಿ ಡ್ರೈವರನ ಹಿಂದಿದ್ದ ಟೀವಿಯಲ್ಲಿ ಗಟ್ಟಿಮೇಳ ಮೊಳಗಿತು. ಸಿನಿಮಾದ ಹುಡುಗ ತಾಳಿ ಹಿಡಿದು ಬಗ್ಗಿದ್ದ. ಮಡಿಲಲ್ಲಿ ಮಂಡಕ್ಕಿ ಇಟ್ಟುಕೊಂಡು ತಿನ್ನುತ್ತಿದ್ದ ಅನ್ನಪೂರ್ಣಮ್ಮ, ಕೈಗೆ ಸಿಕ್ಕಷ್ಟನ್ನು ಅಕ್ಷತೆಯಂತೆ ಟೀವಿಯ ಮೇಲೆ ಎಸೆದೇ ಬಿಟ್ಟಳು. ಅವಳ ಹಿಂದೆಯೇ ಹೆಂಗಸರೆಲ್ಲ ಎಸೆದರು. "ಟೀವಿ ಕೆಡ್ತೈತೆ, ನಿಲ್ಲಿಸ್ರಮ್ಮ!" ಎಂದು ಡ್ರೈವರ್ ಕೂಗಿದರೂ ಯಾರಿಗೂ ಕೇಳಲಿಲ್ಲ.

"ಸೋಬಾನೆ ಇಲ್ದೆ ಇದೆಂಥ ಮದುವೆ? ಹೇಳೇ ದ್ಯಾಮಕ್ಕ!" ಎಂದಳು ಅನ್ನಪೂರ್ಣಮ್ಮ.

ತಾಳಿ ಕಟ್ಟುವಾಗ ಸುಮ್ಮನೆ ಕೂತು ದ್ಯಾಮಮ್ಮನಿಗೂ ಅಭ್ಯಾಸವಿರಲಿಲ್ಲ. ಅವಳು ದನಿ ಎತ್ತಿದಳು, ಬಸ್ಸೆಲ್ಲ ಸೊಲ್ಲು ಹಿಡಿಯಿತು. ಕೊಟ್ರಬಸಪ್ಪನೇ ಎದ್ದು ಹೋಗಿ ಟೀವಿಯ ಸದ್ದು ಅಡಗಿಸಿದ.

"ಬರೋ ವರ್ಷ ನಡುವಿನ ಸೀಟಿಗೆ ಬಾ ಅತ್ತೆ. ಮುಂದಿನೋರಿಗೂ ಕೇಳಲಿ."

ಸಿನಿಮಾದ ಕಥೆ ಏನಾಯಿತೆಂದು ಯಾರಿಗೂ ತಿಳಿಯದೆ ಹೋಯಿತು. ದ್ಯಾಮಮ್ಮನ ಸೀಟು ಉಳಿಯಿತು.