ಕುಂಬಾರ ಓಣಿಯ ಗೆಲುವು

ನೀರಿನ ಜಗಳಗಳನ್ನು ಇನ್ನು ಆನ್‌ಲೈನ್ ಟ್ಯಾಂಕ್ ಕಾಳಗದ ಆಟದಲ್ಲೇ ತೀರಿಸಿಕೊಳ್ಳಬೇಕೆಂದು ಸರ್ಕಾರ ಕಾನೂನು ಮಾಡಿದ ಮೇಲೆ ಕುಂಬಾರ ಓಣಿಗೆ ಈರಪಣ್ಣನೇ ದೇವರಾಗಿದ್ದ. ಗೆದ್ದ ಓಣಿಗೆ ಆ ವಾರದ ನೀರಿನ ಲಾರಿ.

ಅಂದೂ ಸಮುದಾಯ ಭವನದಲ್ಲಿ ಪರದೆಗೆ ಮೂಗು ತಾಗಿಸಿ ಕೂತು, ತನ್ನ ತಂಡದವರನ್ನು ಗದರಿಸುತ್ತಿದ್ದ. "ಗುಂಡು ಹಾರಸೂದು ಯಾರಿಗರೆ ಬರ್ತೈತಿ. ಮೂಲ್ಯಾಗಿನ ನಕ್ಷಾ ನೋಡ್ರಿ! ಬೆನ್ನ ಹಿಂದ ಯಾರದಾರ ನೋಡ್ರಿ!"

ಎದುರಾಳಿ ಗೌಡರ ಓಣಿಯ ಟ್ಯಾಂಕುಗಳು ಪರದೆಯ ಮೇಲೆ ಗುಡ್ಡದ ಮರೆಯಲ್ಲಿ ಕದಲದೆ ನಿಂತಿದ್ದವು.

"ಅಂಜ್ಯಾರ ಮಕ್ಕಳು," ಎಂದು ಈರಪಣ್ಣ ಮೀಸೆ ತಿರುವಿದ.

ಸೊಸೆ ಶಿವಗಂಗಾ ಕಿಟಕಿಯ ಬಳಿಯಿಂದ ಕೂಗಿದಳು: "ಮಾವಾರ, ಒಮ್ಮೆ ಹೊಳ್ಳಿ ಹೊರಗ ನೋಡ್ರಿ."

"ನಕ್ಷಾದ ಮ್ಯಾಲಿಂದ ಕಣ್ಣು ತಗದ್ರ ಸತ್ತಂಗ ಅಂತ ಎಷ್ಟ್ ಸಲ ಹೇಳ್ಬೇಕವಾ?"

ನಿಂತಲ್ಲೇ ನಿಂತ ಟ್ಯಾಂಕುಗಳನ್ನು ಒಂದೊಂದಾಗಿ ಸುಟ್ಟು ಕುಂಬಾರ ಓಣಿ ಗೆದ್ದಿತು. ಹಾರ ಹಾಕಿಸಿಕೊಂಡ ಈರಪಣ್ಣ ಜನರ ಹೆಗಲೇರಿ ಹೊರಬಂದ. ಕಿಟಕಿಯ ಕೆಳಗೇ ಲಾರಿ ನಿಂತಿತ್ತು. ಗೌಡರ ಓಣಿಯ ಆಟಗಾರರೆಲ್ಲ ಅದರ ಸುತ್ತ ತುಂಬಿದ ಕೊಡ ಹೊತ್ತು ನಿಂತಿದ್ದರು.

ಅವರ ನಾಯಕ ಲಾರಿಯ ತೊಟ್ಟಿಕ್ಕುತ್ತಿದ್ದ ನಳವನ್ನು ಬಿಗಿಯಾಗಿ ತಿರುಗಿಸಿ, ಕೈ ಮುಗಿದ.

"ಭಾಳ ಚಲೋ ಆಡಿದ್ರಿ, ಈರಪಣ್ಣಾರ. ಲಾರಿ ನಿಮ್ಮದ, ಒಯ್ರಿ."